ಮೂಗುದಾರವಿಲ್ಲದ ಚುಕ್ಕಿಗಳು

ಅಕ್ಕೋರ ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ. ಸುದ್ದಿ ಬಂದಾಗ ನಾನು ದೂರದ ಒಂದು ನಗರದ ಪ್ರಯೋಗಾಲಯದಲ್ಲಿದ್ದೆ. ಎರಡೂ ಕೈ ಗಾಜಿನ ಪರದೆಯ ಒಳಗಿದ್ದವು. ಬಾಟಲಿಯಲ್ಲಿ ಬೆಳೆಯುತ್ತಿದ್ದ ಕೋಶಗಳಿಗೆ ಆಹಾರದ ದ್ರವ ಬದಲಿಸುತ್ತಿದ್ದೆ. ಕೈಗವಸು ಹಾಕಿಕೊಂಡ ಮೇಲೆ ಫೋನು ಮುಟ್ಟಬಾರದು ಎಂದು ನನಗೆ ಕಲಿಸಿದವರು ಅವರೇ. ಫೋನು ಮತ್ತೆ ಮತ್ತೆ ಬಡಿದುಕೊಂಡು ಸುಮ್ಮನಾಯಿತು. ಕೆಲಸ ಮುಗಿಸಿ, ಕೈ ತೊಳೆದು, ತಿರುಗಿ ಕರೆ ಮಾಡಿದಾಗ ಅತ್ತ ಕಡೆ ಇದ್ದವರು ಬೈಲಹೊಂಗಲದ ನಮ್ಮ ಕಾಲೇಜಿನ ಸಿಪಾಯಿ. ಸಂಪಗಾಂವದವರು. ನಾವೆಲ್ಲ ಅವರನ್ನು ಕಾಕಾ ಎಂದು ಕರೆಯುತ್ತಿದ್ದೆವು.

"ತಂಗೆವ್ವಾ, ಅಕ್ಕೋರು ಹೋದ್ರವಾ," ಎಂದರು ಕಾಕಾ. "ನಿನ್ನಿ ಸಂಜಿಮುಂದ. ಮನೋಳ್ಯಾಗ, ಅವರ ತಮ್ಮನ ಮನ್ಯಾಗ. ಇವತ್ತ ಮಧ್ಯಾಹ್ನ ಮಣ್ಣ ಮಾಡತಾರಂತ. ನಿನಗ ಬರಾಕ ಆಗೂದಿಲ್ಲ, ಗೊತ್ತೈತಿ. ಆದರೂ ಹೇಳಬೇಕಲಾ."

ನಾನು ಹೂಂ ಎಂದೆ. ಅವರು "ಹುಷಾರವಾ" ಎಂದು ಫೋನು ಇಟ್ಟರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ತಮ್ಮ ಬಗ್ಗೆ ಯಾರಾದರೂ ಎದುರಿಗೆ ಒಳ್ಳೆಯ ಮಾತಾಡಿದರೆ ಅವರು ಮುಜುಗರದಿಂದ ಕನ್ನಡಕ ತೆಗೆದು ಒರೆಸಲು ತೊಡಗುತ್ತಿದ್ದರು. ಶಾಲು, ಹಾರ, ಸನ್ಮಾನ ಎಂಬ ಮಾತು ಬಂದರೆ "ನನಗ ಕ್ಲಾಸ್ ಐತ್ರಿ" ಎಂದು ಎದ್ದುಬಿಡುತ್ತಿದ್ದರು, ಕ್ಲಾಸು ಇಲ್ಲದ ದಿನವೂ. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಕಾಲೇಜಿಗೆ ಬರುವ ಹೊತ್ತಿಗೆ ಅವರೆಲ್ಲ ಮೇಡಂ ಆಗಿರುತ್ತಾರೆ. ಇವರೊಬ್ಬರು ಆಗಲಿಲ್ಲ. ಪ್ರಾಚಾರ್ಯರಿಂದ ಹಿಡಿದು ಕ್ಯಾಂಟೀನಿನವನ ತನಕ ಎಲ್ಲರಿಗೂ ಅಕ್ಕೋರು. ಇಲ್ಲೂ ಅವರು ಹಾಗೆಯೇ ಇರಲಿ.

ಎತ್ತರದ, ತೆಳ್ಳನೆಯ ಮೈಕಟ್ಟು. ನೂಲಿನ ಸೀರೆ, ಸೆರಗಿಗೆ ಭುಜದ ಹತ್ತಿರ ಒಂದು ಪಿನ್ನು, ಸೊಂಟದ ಹತ್ತಿರ ಒಂದು. ಕೋಶಗಳ ಕೋಣೆಗೆ ಹೋಗುವ ಮುನ್ನ ಕೈಯ ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ತೆಗೆದು ಕಿಟಕಿಯ ಗೂಟಕ್ಕೆ ಹಾಕುತ್ತಿದ್ದರು. ಆಮೇಲೆ ಮೊಣಕೈ ತನಕ ಸೋಪು, ಸೋಪಿನ ಮೇಲೆ ಸ್ಪಿರಿಟ್ಟು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಸಲುಗೆ ನನಗಿರಲಿಲ್ಲ. ಕೇಳಿದವರಿಗೆ ಅವರು ಕೊಡುತ್ತಿದ್ದ ಉತ್ತರವನ್ನು ಮಾತ್ರ ಕೇಳಿದ್ದೇನೆ: "ಸಾಲಿ ಕಲಿಯೂದ ಇನ್ನ ಮುಗದಿಲ್ಲವಾ."

ನಾನು ಅವರನ್ನು ಮೊದಲು ಕಂಡದ್ದು ಬಿ.ಎಸ್ಸಿ. ತರಗತಿಯಲ್ಲಿ. ಕಿತ್ತೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಾವು ಕೆಲವು ಹುಡುಗಿಯರು ಮೊದಲ ತಾಸಿಗೆ ಯಾವಾಗಲೂ ತಡ. ಉಳಿದವರ ತರಗತಿಯಲ್ಲಿ ಬಾಗಿಲಲ್ಲಿ ನಿಂತು ಬೈಸಿಕೊಳ್ಳಬೇಕಾಗುತ್ತಿತ್ತು. ಅಕ್ಕೋರು ನಮ್ಮನ್ನು ಕಂಡು ಪಾಠ ನಿಲ್ಲಿಸಿ, "ಕುಂದರ್ರಿ, ಉಸರ ತಗೋರಿ" ಎಂದು ಹೇಳಿ, ಆವರೆಗೆ ಹೇಳಿದ್ದನ್ನು ಎರಡು ವಾಕ್ಯದಲ್ಲಿ ಮತ್ತೆ ಹೇಳಿ ಮುಂದುವರಿಯುತ್ತಿದ್ದರು.

ಅವರು ಔಷಧಕ್ಕೆ ಜಗ್ಗದ ಕೋಶಗಳ ಪಾಠ ಮಾಡಿದ ದಿನ ಕಬ್ಬಿನ ಹಂಗಾಮು ನಡೆದಿತ್ತು. ಹೊರಗೆ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಸದ್ದಿಗೆ ಅವರ ಮಾತು ಕೇಳುತ್ತಿರಲಿಲ್ಲ. ಅವರು ಸೀಮೆಸುಣ್ಣ ಕೆಳಗಿಟ್ಟು ಕಿಟಕಿಯತ್ತ ಬೆರಳು ಮಾಡಿದರು.

"ಮದ್ದು ಅಂದ್ರ ಪೊಲೀಸ್ರು ಅಂತ ತಿಳಕೋರಿ. ನಾಕ ಮಂದಿ ಕ್ರಾಸಿನ್ಯಾಗ ನಿಂತಾರ. ಒಬ್ಬೊಬ್ಬರು ಒಂದೊಂದ ಟ್ರ್ಯಾಕ್ಟರ್ ಹಿಡದ ನಿಲ್ಲಸತಾರ. ಮಾಲಕನ ಕಡೆ ಇರೂದ ನಾಕ ಟ್ರ್ಯಾಕ್ಟರ್. ಕಬ್ಬು ಫ್ಯಾಕ್ಟರಿ ಮುಟ್ಟೂದಿಲ್ಲ. ಈಗ ಅಂವಾ ಏನ ಮಾಡಬೇಕು?"

"ಲಂಚ ಕೊಡಬೇಕ್ರಿ ಅಕ್ಕೋರ," ಎಂದಿತು ಹಿಂದಿನ ಬೆಂಚು.

"ಅದೂ ಒಂದ ದಾರಿ ಐತಿ, ಅದು ಮುಂದಿನ ವಾರದ ಪಾಠ," ಎಂದರು ಅಕ್ಕೋರು, ನಗದೆ. "ಇಂವಾ ನಲವತ್ತ ಟ್ರ್ಯಾಕ್ಟರ್ ಬಿಡತಾನ. ನಾಕ ಸಿಕ್ಕೊಳ್ಳಲಿ, ಉಳದದ್ದು ಮುಟ್ಟತಾವ. ಕೋಶದಾಗೂ ಹಂಗ. ಮದ್ದು ಬಂದು ಒಂದು ಪ್ರೋಟೀನನ್ನ ಹಿಡದ ಕುಂದರತೈತಿ. ಆ ಪ್ರೋಟೀನ್ ಮಾಡೂ ಜೀನು ಒಂದರ ಬದಲಿ ಹತ್ತು, ಐವತ್ತು, ನೂರು ಪ್ರತಿ ಆದ್ರ, ಮದ್ದಿಗೆ ಹಿಡ್ಯಾಕ ಕೈ ಸಾಲೂದಿಲ್ಲ."

ಎಲ್ಲರೂ ಬರೆದುಕೊಂಡೆವು. ಅವರು ಸ್ವಲ್ಪ ತಡೆದು, ತಮ್ಮ ಹೋಲಿಕೆಯನ್ನು ತಾವೇ ತಿದ್ದಿದರು. "ಮಾಲಕಗ ಬುದ್ಧಿ ಇರತೈತಿ. ಕೋಶಕ್ಕ ಇಲ್ಲ. ಲಕ್ಷದಾಗ ಒಂದರಾಗ ಮೊದಲ ತಪ್ಪಿ ಒಂದೆರಡು ಪ್ರತಿ ಹೆಚ್ಚ ಆಗಿರತಾವ. ಮದ್ದು ಹಾಕಿದಾಗ ಸಾಯೂದು ಸಾಯತೈತಿ, ಉಳಿಯೂದು ಉಳಿತೈತಿ. ಉಳದದ್ದನ್ನ ನೋಡಿ ನಾವು, ಎಷ್ಟ ಶಾಣ್ಯಾ ಅದಾವ ಅಂತೇವಿ."

ಆ ಕೊನೆಯ ವಾಕ್ಯಕ್ಕಾಗಿಯೇ ನಾನು ಪ್ರಾಣಿಶಾಸ್ತ್ರದಲ್ಲಿ ಮುಂದುವರಿದೆ ಎಂದು ಕೆಲವೊಮ್ಮೆ ಅನಿಸುತ್ತದೆ.

ಅಕ್ಕೋರು ಹೊರಗಿನ ದೊಡ್ಡ ಸಂಸ್ಥೆಯೊಂದರಲ್ಲಿ ಇದೇ ವಿಷಯದ ಮೇಲೆ ಡಾಕ್ಟರೇಟ್ ಮಾಡಿದವರು. ಅಲ್ಲೇ ಉಳಿಯಬಹುದಿತ್ತು, ಉಳಿಯಲಿಲ್ಲ. ಬೈಲಹೊಂಗಲಕ್ಕೆ ಬಂದು, ಹಣಕ್ಕಾಗಿ ಇಲಾಖೆಯೊಂದಕ್ಕೆ ಅರ್ಜಿ ಹಾಕಿ, ರಸಾಯನಶಾಸ್ತ್ರದವರು ಒಡೆದ ಸಾಮಾನು ತುಂಬಿದ್ದ ಒಂದು ಕೋಣೆಯನ್ನು ಬಿಡಿಸಿಕೊಂಡು, ಅಲ್ಲಿ ಕೋಶ ಬೆಳೆಸುವ ವ್ಯವಸ್ಥೆ ಮಾಡಿದರು. ಶಿಕ್ಷಕರ ಕೋಣೆಯಲ್ಲಿ ಒಬ್ಬ ಹಿರಿಯರು, "ಬೈಲಹೊಂಗಲದಾಗ ಶೇಂಗಾ ಬೆಳಿತಾವ್ರಿ ಅಕ್ಕೋರ, ಕೋಶ ಬೆಳ್ಯಾಂಗಿಲ್ಲ" ಎಂದರಂತೆ. "ಶೇಂಗಾದಾಗ ಏನ ಕಲ್ಲ ಇರತಾವೇನ್ರಿ? ಅದೂ ಕೋಶನ" ಎಂದು ಇವರು ತಿರುಗಿ ಹೇಳಿದರಂತೆ.

ಎಂ.ಎಸ್ಸಿ. ಮುಗಿಸಿ ನಾನು ಆ ಕೋಣೆಯಲ್ಲಿ ಸಹಾಯಕಿಯಾಗಿ ಸೇರಿದೆ. ಊರು ಬಿಟ್ಟು ಹೋಗಲು ಆಗ ನನಗೆ ಸಾಧ್ಯವಿರಲಿಲ್ಲ, ಕಾರಣಗಳು ಮನೆಯವು. ನನ್ನಂಥವರು ಇನ್ನೂ ಇದ್ದರು. ಸವದತ್ತಿಯಿಂದ, ರಾಮದುರ್ಗದಿಂದ ಬರುತ್ತಿದ್ದ, ಇದಕ್ಕಿಂತ ಮುಂದೆ ಯಾರೂ ಕಳಿಸದ ಹುಡುಗಿಯರು. ಅಕ್ಕೋರು ಈ ಬಗ್ಗೆ ಭಾಷಣ ಮಾಡಿದವರಲ್ಲ. ಒಮ್ಮೆ ಮಾತ್ರ, ಸಿಲಿಂಡರಿನ ನಳಿಗೆ ಬಿಗಿ ಮಾಡುತ್ತ ಬೆನ್ನು ತಿರುಗಿಸಿಕೊಂಡೇ ಹೇಳಿದರು: "ಈ ಕೋಣಿ ಒಂದ ಉಳದ್ರ ಸಾಕವಾ. ನಾ ಹೋದ ಮ್ಯಾಲೂ ಯಾರರೆ ಬಂದು ಕುಂದರತೀರಿ."

ಕೋಣೆ ಉಳಿಯುವುದು ಒಂದೇ ಒಂದು ಕೆಲಸದ ಮೇಲೆ ನಿಂತಿತ್ತು. ಇಲಿಯ ಕೋಶಗಳನ್ನು ಮೆಥೊಟ್ರೆಕ್ಸೇಟ್ ಎಂಬ ಔಷಧದಲ್ಲಿ ಬೆಳೆಸುವುದು. ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಅದಕ್ಕೆ ಜಗ್ಗದ ತಳಿಯೊಂದನ್ನು ಪಡೆಯುವುದು. ಹಣ ಕೊಟ್ಟ ಇಲಾಖೆಯ ಸಮಿತಿ ಬಂದು ನೋಡಿ ಒಪ್ಪಿದರೆ ಕೋಣೆ ಕಾಯಂ. ಇಲ್ಲದಿದ್ದರೆ ಯಂತ್ರಗಳನ್ನು ಹೊತ್ತುಕೊಂಡು ಹೋಗುತ್ತಾರೆ.

ಹಾಗೆ ಏರಿಸುವ ಕೆಲಸ ನಿಧಾನದ್ದು. ಪ್ರತಿ ಸಲ ಪ್ರಮಾಣ ಹೆಚ್ಚಿಸಿದಾಗ ಬಾಟಲಿಯ ತಳಕ್ಕೆ ಅಂಟಿದ್ದ ಕೋಶಗಳಲ್ಲಿ ಬಹುಪಾಲು ಸತ್ತು ತೇಲುತ್ತವೆ. ಅಲ್ಲೊಂದು ಇಲ್ಲೊಂದು ಉಳಿಯುತ್ತದೆ. ಅವು ಹರಡಿ ತಳ ತುಂಬುವ ತನಕ ವಾರಗಟ್ಟಲೆ ಕಾಯಬೇಕು. ಅಕ್ಕೋರು ಕಾಯುವುದರಲ್ಲಿ ನಿಸ್ಸೀಮರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಉಳಿದ ಒಂದು ಕೋಶವನ್ನು ಕಂಡರೆ, ಬಾಟಲಿಯ ಹೊರಗೆ ಪೆನ್ನಿನಿಂದ ಅದರ ಸುತ್ತ ಸಣ್ಣ ವೃತ್ತ ಹಾಕಿ, "ನೋಡವಾ, ಈಕಿ ನಿಂತಾಳ" ಎನ್ನುತ್ತಿದ್ದರು. ಒಂಟಿ ಕೋಶಕ್ಕೆ ಅವರ ಬಾಯಲ್ಲಿ ಹೆಚ್ಚಾಗಿ ಸ್ತ್ರೀಲಿಂಗ.

ಪ್ರತಿ ಹಂತದ ಒಂದಿಷ್ಟು ಕೋಶಗಳನ್ನು ಹೆಪ್ಪುಗಟ್ಟಿಸಿ ಇಡಬೇಕು. ಅದಕ್ಕೆ ದ್ರವ ನೈಟ್ರೋಜನ್ ಬೇಕು. ಅದು ಬೈಲಹೊಂಗಲದಲ್ಲಿ ಸಿಗುವುದು ಒಂದೇ ಕಡೆ, ದನಗಳ ಆಸ್ಪತ್ರೆಯಲ್ಲಿ. ಅಲ್ಲಿ ಹೋರಿ ಮತ್ತು ಕೋಣಗಳ ವೀರ್ಯದ ಕಡ್ಡಿಗಳನ್ನು ಇಟ್ಟಿರುವ ದೊಡ್ಡ ಕ್ಯಾನಿನ ಒಂದು ಮೂಲೆಯಲ್ಲಿ ನಮ್ಮ ಕೋಶಗಳಿಗೂ ಜಾಗ ಸಿಕ್ಕಿತ್ತು. ಅಲ್ಲಿಯ ಡಾಕ್ಟರು ಹಾಸ್ಯಗಾರರು.

"ಅಕ್ಕೋರ, ಗಡಿಬಿಡ್ಯಾಗ ಯಾವದರೆ ಎಮ್ಮಿಗೆ ನಿಮ್ಮ ಮಾಲ ಕೊಟ್ಟ ಗಿಟ್ಟೇನಿ ಅಂತ ಹೆದರಿಕಿ ನನಗ."

"ಕೊಡ್ರಿ ಡಾಕ್ಟರ. ಏನರೆ ಹುಟ್ಟಿದ್ರ ನಿಮ್ಮ ಹೆಸರೂ ಹಾಕತೇನಿ."

"ಇಲಿ ಮಾರಿ, ಎಮ್ಮಿ ಕ್ವಾಡ!"

"ಹಾಲ ಹಿಂಡಾಕ ಮಾತ್ರ ಬಗ್ಗಬೇಕ ನೋಡ್ರಿ."

ಅವರು ಹೀಗೆ ಮಾತಾಡಿ ನಗಿಸಿದ್ದನ್ನು ನಾನು ದನಗಳ ಆಸ್ಪತ್ರೆಯಲ್ಲಿ ಮಾತ್ರ ನೋಡಿದ್ದೇನೆ. ದನಗಳ ನಡುವೆ ಅವರ ಮೈ ಸಡಿಲಾಗುತ್ತಿತ್ತು. ಅವರ ತಂದೆ ಮನೋಳಿಯಲ್ಲಿ ಎತ್ತು ಸಾಕಿ ಪಳಗಿಸಿ ಮಾರುತ್ತಿದ್ದವರು. ಕಟ್ಟಿದ ಎತ್ತಿನ ಹಿಣಿಲ ಮೇಲೆ ಕೈಯಾಡಿಸಿ, ಹೆಗಲಿನ ನೊಗದ ಕಲೆಯನ್ನು ಮುಟ್ಟಿ, "ಇದು ಹೊಳಿದಂಡಿ ಎರಿ ಹೊಲದಾಗ ದುಡದದ್ದು" ಎಂದು ಹೇಳಿಬಿಡುತ್ತಿದ್ದರು.

ಕೊನೆಗೂ ನಮ್ಮ ಕೋಶಗಳು ಮೇಲಿನ ಪ್ರಮಾಣಕ್ಕೆ ಬಂದು ನಿಂತವು. ಸಾದಾ ಕೋಶಗಳು ಮೂರು ದಿನವೂ ತಾಳದ ಔಷಧದಲ್ಲಿ ಇವು ತಳ ತುಂಬಿ ಹರಡಿದವು. ಅಕ್ಕೋರು ಅಂದು ಕ್ಯಾಂಟೀನಿನಿಂದ ಗಿರಮಿಟ್ಟು ತರಿಸಿ ಎಲ್ಲರಿಗೂ ಕೊಟ್ಟರು. ಸಮಿತಿಗೆ ಪತ್ರ ಹೋಯಿತು. ಒಂದು ತಿಂಗಳೊಳಗೆ ಬರುತ್ತೇವೆ ಎಂದು ಉತ್ತರ ಬಂತು. ಆಗ ಕಾರಹುಣ್ಣಿಮೆಯ ದಿನಗಳು.

ತಪ್ಪು ಆದದ್ದು ಅಲ್ಲಿಯೇ. ಔಷಧದಲ್ಲಿ ಬೆಳೆದ ಕೋಶಗಳು ನೋಡಲು ಚೆನ್ನಾಗಿರುವುದಿಲ್ಲ. ಬಡಕಲಾಗಿ, ಅಂಚು ಹರಿದಂತೆ, ಒಳಗೆ ಗುಳ್ಳೆಗಳು ತುಂಬಿಕೊಂಡಿರುತ್ತವೆ. ಅಕ್ಕೋರು ಒಂದು ಮುಂಜಾನೆ ಅವನ್ನು ಬಹಳ ಹೊತ್ತು ನೋಡಿ ಹೇಳಿದರು:

"ನಮ್ಮ ಅಪ್ಪ ಎತ್ತ ಮಾರೂ ಮುಂದ ಒಂದ ತಿಂಗಳ ಹೆಗಲಿಗೆ ನೊಗ ಇಡತಿರಲಿಲ್ಲ. ಹತ್ತಿಕಾಳು, ಹಿಂಡಿ ಇಟ್ಟು ಮೈ ತುಂಬಸತಿದ್ದ. ಕೊಳ್ಳಾಕ ಬಂದಾಂವಗ ದುಡದ ಸೊರಗಿದ್ದು ತೋರಸಬಾರದು ಅಂತಿದ್ದ. ಇವನ್ನೂ ಸ್ವಲ್ಪ ದಿವಸ ಸಡ್ಲ ಬಿಡೂಣು. ಮದ್ದು ಹಾಕಬ್ಯಾಡ. ಚಂದಾಗಿ ಉಣ್ಣಲಿ."

ಇದು ಬರೀ ಮಮತೆಯ ಮಾತಲ್ಲ. ಡಾಕ್ಟರೇಟ್ ಮಾಡಿದ ಸಂಸ್ಥೆಯಲ್ಲಿದ್ದಾಗ ಅವರು ಬೆಳೆಸಿದ್ದ ತಳಿಯಲ್ಲಿ ಹೆಚ್ಚುವರಿ ಜೀನುಗಳು ಕ್ರೋಮೊಸೋಮಿನ ಮೈಯಲ್ಲೇ ಕೂಡಿಕೊಂಡಿದ್ದವು. ಔಷಧ ನಿಲ್ಲಿಸಿ ತಿಂಗಳುಗಳಾದರೂ ಆ ಕೋಶಗಳು ಪಡೆದದ್ದನ್ನು ಬಿಟ್ಟುಕೊಟ್ಟಿರಲಿಲ್ಲ. ಇವೂ ಹಾಗೆಯೇ ಎಂದು ಅವರು ಎಣಿಸಿದರು. ಕ್ರೋಮೊಸೋಮುಗಳನ್ನು ಬಿಡಿಸಿ ನೋಡುವ ಕೆಲಸವನ್ನು ಸಮಿತಿ ಬಂದು ಹೋದ ಮೇಲೆ ಮಾಡುವುದು ಎಂದಾಗಿತ್ತು.

ಸಮಿತಿ ಆ ತಿಂಗಳು ಬರಲಿಲ್ಲ. ಯಾರೋ ಸದಸ್ಯರಿಗೆ ಆರೋಗ್ಯ ಸರಿಯಿಲ್ಲ, ಮುಂದಿನ ತಿಂಗಳು ಎಂದರು. ಮುಂದಿನ ತಿಂಗಳು ಮಳೆ. ಅದರ ಮುಂದೆ ಗಣಪತಿ ಹಬ್ಬ. ಪ್ರತಿ ಸಲವೂ ಇನ್ನೇನು ಬಂದೇಬಿಟ್ಟರು ಎಂಬಂತೆ ಇರುತ್ತಿತ್ತು. ಹಾಗಾಗಿ ಕೋಶಗಳು ಸಡಿಲವಾಗಿಯೇ ಉಳಿದವು. ಅವು ಮೈ ತುಂಬಿಕೊಂಡು, ಅಂಚು ನುಣುಪಾಗಿ, ಕಲ್ಲು ಹಾಸಿದಂತೆ ಒತ್ತೊತ್ತಾಗಿ ಬೆಳೆದವು. ನೋಡಲು ಬಂದ ಪ್ರಾಚಾರ್ಯರಿಗೆ ಅಕ್ಕೋರು ಸೂಕ್ಷ್ಮದರ್ಶಕ ಬಿಟ್ಟುಕೊಟ್ಟು ಪಕ್ಕಕ್ಕೆ ನಿಂತಾಗ ಅವರ ಮುಖದಲ್ಲಿ ಇದ್ದದ್ದನ್ನು ನಾನು ಇಲ್ಲಿ ವರ್ಣಿಸಲಾರೆ. ಪ್ರಾಚಾರ್ಯರಿಗೆ ಏನು ಕಂಡಿತೋ ತಿಳಿಯದು. "ಭಾರಿ ಅದಾವ್ರಿ" ಎಂದರು.

ಮಹಾನವಮಿ ಕಳೆದ ಮೇಲೆ ಸಮಿತಿಯ ದಿನ ಗೊತ್ತಾಯಿತು. ಅದಕ್ಕೆ ಕೆಲವು ದಿನ ಮೊದಲು ಅಕ್ಕೋರು ಬಾಟಲಿಗಳಿಗೆ ಮತ್ತೆ ಔಷಧ ಸೇರಿಸಿದರು. ಎರಡನೆಯ ದಿನ ಕೋಶಗಳು ಗುಂಡಗಾದವು. ಮರುದಿನ ದ್ರವದ ತುಂಬ ಸತ್ತು ತೇಲುತ್ತಿದ್ದವು.

ಔಷಧ ಕರಗಿಸಿದವಳು ನಾನು. ಅಕ್ಕೋರು ನನ್ನ ಕಡೆ ನೋಡಲಿಲ್ಲ. ತಾವೇ ಹೊಸದಾಗಿ ತೂಗಿ, ಕರಗಿಸಿ, ಉಳಿದಿದ್ದ ಬಾಟಲಿಗಳಿಗೆ ಹಾಕಿ ಕಾದರು. ಅವೂ ತೇಲಿದವು. ಆಗ ಅವರು ಸ್ಟೂಲಿನ ಮೇಲೆ ಕೂತು, ಬಳೆಯಿಲ್ಲದ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು, ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದರು.

"ನೀ ಕರಗಿಸಿದ್ದು ಬರೋಬರಿ ಇತ್ತವಾ. ಇವುಗಳ ಹೆಚ್ಚಿನ ಜೀನು ಕ್ರೋಮೊಸೋಮಿನ ಮ್ಯಾಲೆ ಕುಂತಿಲ್ಲ. ಹೊರಗ ಬಿದ್ದ ಚೂರು ಇರಬೇಕು, ಚುಕ್ಕಿ ಚುಕ್ಕಿ. ಕ್ರೋಮೊಸೋಮಿಗೆ ನಡುವ ಒಂದ ಹಿಡಿಕಿ ಇರತೈತಿ, ಕೋಶ ಎರಡಾಗೂ ಮುಂದ ಅದನ್ನ ಹಿಡದ ಈ ಕಡೆ ಒಂದು ಆ ಕಡೆ ಒಂದು ಎಳಿತಾವ. ಈ ಚುಕ್ಕಿಗೆ ಹಿಡಿಕಿ ಇಲ್ಲ. ಮೂಗದಾರ ಇಲ್ಲದ ಕರಾ. ಯಾವದ ಯಾ ಕಡೆ ಹೊಕ್ಕಾವೋ ಯಾರಿಗೆ ಗೊತ್ತು. ಮದ್ದು ಇದ್ರ, ಹೆಚ್ಚ ಸಿಕ್ಕಾಕಿ ಬದಕತಾಳ. ಮದ್ದು ಇಲ್ಲಂದ್ರ, ಖಾಲಿ ಇದ್ದಾಕಿ ಹಗರಾಗಿ ಮುಂದ ಓಡತಾಳ. ನಾವ ಚಂದ ಚಂದ ಅಂತ ನೋಡಿದ್ದು ಖಾಲಿ ಇದ್ದಾಕೀನ."

ಕನ್ನಡಕ ತೆಗೆದು ಒರೆಸಿಕೊಂಡರು.

ಪ್ರಾಚಾರ್ಯರು ಕೆಟ್ಟವರಲ್ಲ. ಕೋಣೆ ಉಳಿಯಲಿ ಎಂದು ಅವರಿಗೂ ಇತ್ತು. ಸಮಿತಿ ಬರುವ ಮುಂಜಾನೆ ಅಕ್ಕೋರನ್ನು ಕರೆಸಿದರು, ನಾನೂ ಜೊತೆಗಿದ್ದೆ.

"ಕರೆಂಟ್ ಹೋಗಿತ್ತು ಅಂತ ಹೇಳಿಬಿಡ್ರಿ ಅಕ್ಕೋರ. ಮೊನ್ನಿ ಗಾಳಿ ಮಳ್ಯಾಗ ಊರೆಲ್ಲ ಕತ್ತಲಿ ಇತ್ತು. ಯಾರ ಇಲ್ಲ ಅಂತಾರ? ಇನ್ನೊಂದ ಅವಕಾಶ ಕೊಟ್ಟ ಹೋಗತಾರ."

"ನಮ್ಮ ಕೋಣ್ಯಾಗ ಇನ್ವರ್ಟರ್ ಇತ್ತಲ್ರಿ ಸರ."

"ಅದು ನನಗ ಗೊತ್ತು, ನಿಮಗ ಗೊತ್ತು."

"ಈ ಹುಡುಗಿಗೂ ಗೊತ್ತೈತಿ," ಎಂದರು ಅಕ್ಕೋರು. "ನಾಳೆ ಎಲ್ಲೆರೆ ಹೋಗಿ ಕೋಶ ಬೆಳಸಾಕಿ ಈಕಿ. ಇಂಥಾದ್ದು ಆದಾಗ ಕರೆಂಟಿನ ಮ್ಯಾಲೆ ಹಾಕಬೇಕು ಅಂತ ಕಲತ ಹೋಗಲೇನ್ರಿ?"

ಪ್ರಾಚಾರ್ಯರು ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತ ಕೂತರು. "ನಿಮ್ಮ ಕೋಣಿ ಅಕ್ಕೋರ," ಎಂದರು ಕೊನೆಗೆ. "ನಿಮಗ ತಿಳದಂಗ ಮಾಡ್ರಿ."

ಸಮಿತಿಯ ಮುಂದೆ ಅಕ್ಕೋರು ಎಲ್ಲವನ್ನೂ ಹೇಳಿದರು. ಎತ್ತಿನ ಮಾತನ್ನೂ ಬಿಡಲಿಲ್ಲ. ಯಾರೋ ನಕ್ಕರು, ಕೆಟ್ಟ ನಗೆಯಲ್ಲ. ಹಿರಿಯ ಸದಸ್ಯರೊಬ್ಬರು ಮೃದುವಾಗಿಯೇ ಕೇಳಿದರು: "ಔಷಧ ನಿಲ್ಲಿಸಿದರೆ ಕೆಲವು ತಳಿಗಳು ನಿರೋಧ ಕಳೆದುಕೊಳ್ಳುತ್ತವೆ ಎನ್ನುವುದು ಬಹಳ ಹಿಂದೆಯೇ ಗೊತ್ತಿರುವ ಸಂಗತಿ ಅಲ್ಲವೇ, ಮೇಡಂ?"

"ಹೌದ್ರಿ. ನನಗೂ ಗೊತ್ತಿತ್ತು," ಎಂದರು ಅಕ್ಕೋರು. "ನನ್ನವು ಆ ಪೈಕಿ ಅನ್ನೂದು ಗೊತ್ತಿರಲಿಲ್ಲ. ನೋಡಬೇಕಿತ್ತು, ನೋಡಲಿಲ್ಲ."

ಚಹಾ ಕುಡಿದು ಅವರು ಹೋದರು. ಕೋಣೆ ಮುಚ್ಚುವ ಆದೇಶ ಸಂಕ್ರಾಂತಿಯ ಹೊತ್ತಿಗೆ ಬಂತು.

ಆ ವರ್ಷದ ಕೊನೆಗೆ ಅಕ್ಕೋರಿಗೆ ರಾಮದುರ್ಗದ ಕಾಲೇಜಿಗೆ ವರ್ಗವಾಯಿತು. ನಾನು ಮನೆಯವರನ್ನು ಹೇಗೋ ಒಪ್ಪಿಸಿ ದೂರದ ನಗರಕ್ಕೆ ಹೋದೆ. ಶಿಫಾರಸು ಪತ್ರ ಅವರದೇ. ಒಮ್ಮೆ ಊರಿಗೆ ಬಂದಾಗ ರಾಮದುರ್ಗಕ್ಕೆ ಹೋಗಿ ಅವರನ್ನು ಕಂಡೆ. ಅಲ್ಲಿ ಕೋಶಗಳ ಕೋಣೆ ಎಲ್ಲಿಂದ ಬರಬೇಕು? ಉಳ್ಳಾಗಡ್ಡಿಯನ್ನು ನೀರಿನ ಲೋಟದ ಮೇಲೆ ಇಟ್ಟು, ಚಿಗುರಿದ ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಒತ್ತಿ ಮಕ್ಕಳಿಗೆ ಕ್ರೋಮೊಸೋಮು ತೋರಿಸುತ್ತಿದ್ದರು. ಸಾಲಹಳ್ಳಿಯ ಹುಡುಗಿಯೊಬ್ಬಳು ಸೂಕ್ಷ್ಮದರ್ಶಕ ಬಿಡದೆ ನಿಂತಿದ್ದಳು. "ಅಕ್ಕೋರ, ಇವು ಜಗಳಾ ಆಡಾಕ ಹತ್ತ್ಯಾವೇನ್ರಿ?" ಎಂದು ಕೇಳಿದಳು. "ಇಲ್ಲವಾ, ಪಾಲ ಮಾಡ್ಕೊಳ್ಳಾಕ ಹತ್ತ್ಯಾವ" ಎಂದರು ಅಕ್ಕೋರು. "ಹಂಗಾರ ಜಗಳಾ ಬರೂದ ಗ್ಯಾರಂಟಿ," ಎಂದಳು ಆಕೆ.

ಬಸ್‌ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಹಾ ಕುಡಿದೆವು. ಅವರು ನನ್ನ ಕೆಲಸದ ಬಗ್ಗೆ ಕೇಳಿದರು. ಬಹಳ ವಿವರವಾಗಿ, ಒಂದನ್ನೂ ಬಿಡದೆ. ತಮ್ಮ ಬಗ್ಗೆ ಹೇಳಲಿಲ್ಲ. ಕಪ್ಪಿನಿಂದ ಬಸಿಗೆ ಚಹಾ ಸುರಿಯುವಾಗ ಕೈ ನಡುಗುತ್ತಿತ್ತು. ನಾನು ಅದನ್ನು ನೋಡಿದೆ ಎಂದು ಅವರಿಗೆ ಗೊತ್ತಾಯಿತು, ಬಸಿ ಕೆಳಗಿಟ್ಟು ಕಪ್ಪಿನಿಂದಲೇ ಕುಡಿದರು. ಮೂತ್ರಪಿಂಡದ ಕಾಯಿಲೆ ಆಗಲೇ ಶುರುವಾಗಿತ್ತಂತೆ. ನನಗೆ ತಿಳಿಸಬಾರದು ಎಂದು ತಮ್ಮನಿಗೆ ಹೇಳಿಟ್ಟಿದ್ದರಂತೆ.

ಸುದ್ದಿ ಬಂದ ನಂತರದ ರಜೆಯಲ್ಲಿ ಮನೋಳಿಗೆ ಹೋದೆ. ಅಕ್ಕೋರ ತಮ್ಮ ಮತ್ತು ಅವರ ಹೆಂಡತಿ ಕೂಡಿಸಿ ಮಾತಾಡಿಸಿದರು.

"ಮೊದಲೆಲ್ಲ ಅಕ್ಕ ಬಂದಕೂಡ್ಲೆ ಕಾಲ ಸೈತ ತೊಳೀದ ಎತ್ತಿನ ಗ್ವಾದ್ಲಿಗೆ ಹೋಗಾಕಿ," ಎಂದರು ತಮ್ಮ. "ಬೈಲಹೊಂಗಲದ ಕೋಣಿ ಮುಚ್ಚಿದ ಮ್ಯಾಲೆ ಹೋಗೂದ ಬ್ಯಾಡಾತು. ಹೊಸಾ ಜೋಡಿ ತಂದೇನಿ, ನೋಡ ಬಾ ಅಂದ್ರೂ, ಇರಲಿ ಬಿಡೋ ಅಂದ್ಲು. ನಮಗ ಏನಂತ ತಿಳೀಲಿಲ್ಲರಿ. ನಿಮಗೇನರೆ ಗೊತ್ತೈತೇನು?"

ನಾನು ಗೊತ್ತಿಲ್ಲ ಎಂದೆ. ಅದನ್ನು ಹೇಳುವ ಹಕ್ಕು ನನ್ನದಲ್ಲ ಎಂದು ಆಗ ಅನಿಸಿತ್ತು. ಈಗ ಬರೆಯುತ್ತಿದ್ದೇನೆ, ಯಾಕೆಂದರೆ ಕೋಣೆಯ ಕೊನೆಯ ದಿನವನ್ನು ಅವರ ಜೊತೆ ಕಂಡವರು ನಾನು ಮತ್ತು ಕಾಕಾ ಇಬ್ಬರೇ.

ಸಮಿತಿ ಹೋದ ಮೇಲೂ ಆದೇಶ ಬರುವ ತನಕ ಕೋಣೆ ನಡೆದಿತ್ತು. ಅಕ್ಕೋರು ಮರುದಿನವೇ ದನಗಳ ಆಸ್ಪತ್ರೆಗೆ ಹೋಗಿ, ಕಾರಹುಣ್ಣಿಮೆಗೆ ಮೊದಲು ಹೆಪ್ಪುಗಟ್ಟಿಸಿ ಇಟ್ಟಿದ್ದ ಒಂದು ಸೀಸೆಯನ್ನು ತಂದರು. ಅದನ್ನು ಕರಗಿಸಿ ಬೆಳೆಸಲು ವಾರಗಳು ಬೇಕು, ಸಮಿತಿ ಬರುವ ಮೊದಲು ಅಷ್ಟು ದಿನವಿರಲಿಲ್ಲ. ಅಂದು ಡಾಕ್ಟರು ಹಾಸ್ಯ ಮಾಡಲಿಲ್ಲ. ಸೀಸೆಯನ್ನು ಬೆಚ್ಚನೆಯ ನೀರಿನಲ್ಲಿ ಕರಗಿಸಿ, ಬಾಟಲಿಗೆ ಹಾಕಿ, ಕೋಶಗಳು ತಳಕ್ಕೆ ಅಂಟಿದ ಮೇಲೆ ಪೂರ್ತಿ ಪ್ರಮಾಣದ ಔಷಧ ಕೊಟ್ಟರು. ಸಾಯಲಿಲ್ಲ. ನಿಧಾನವಾಗಿ, ಬಡಕಲಾಗಿ, ಗುಳ್ಳೆ ಗುಳ್ಳೆಯಾಗಿ ಹರಡಿದವು. ಈ ಸಲ ಅಕ್ಕೋರು ಒಂದು ದಿನವೂ ಔಷಧ ತಪ್ಪಿಸಲಿಲ್ಲ.

ಕ್ರೋಮೊಸೋಮುಗಳನ್ನು ಬಿಡಿಸಿ ಬಣ್ಣ ಹಾಕಿ ನೋಡಿದೆವು. ಮೊದಲು ಅವರು ನೋಡಿ, ನನಗೆ ಜಾಗ ಬಿಟ್ಟರು. ಕ್ರೋಮೊಸೋಮುಗಳ ನಡುವೆ, ಎಳ್ಳು ಚೆಲ್ಲಿದ ಹಾಗೆ, ಜೋಡಿ ಜೋಡಿ ಸಣ್ಣ ಚುಕ್ಕಿಗಳು. ಒಂದು ಕೋಶದಲ್ಲಿ ಕೆಲವೇ, ಪಕ್ಕದ ಕೋಶದಲ್ಲಿ ಎಣಿಸಲಾಗದಷ್ಟು. ಅವರು ಹೇಳಿದ್ದು ಹೇಳಿದಂತೆಯೇ ಇತ್ತು. ಸಮಿತಿಗೆ ಬರೆದರು, ಪರಿಶೀಲನೆ ಮುಗಿದಿದೆ ಎಂದು ಉತ್ತರ ಬಂತು. ಹಳೆಯ ಸಂಸ್ಥೆಗೆ ಬರೆದು, ಕೋಶಗಳನ್ನಾದರೂ ಇಟ್ಟುಕೊಳ್ಳುವಿರಾ ಎಂದು ಕೇಳಿದರು. ಇಂಥ ತಳಿಗಳು ನಮ್ಮಲ್ಲಿ ಬೇಕಾದಷ್ಟಿವೆ ಎಂದು ಅವರು ವಿನಯದಿಂದ ತಿಳಿಸಿದರು.

ಯಂತ್ರಗಳನ್ನು ಒಯ್ಯುವ ಲಾರಿ ಬರುವ ದಿನ ನಾವಿಬ್ಬರೂ ಮುಂಜಾನೆಯೇ ಕೋಣೆಗೆ ಹೋದೆವು. ಬೆಳೆಸಿದ ಕೋಶಗಳನ್ನು ಜೀವಂತವಾಗಿ ಹೊರಗೆ ಚೆಲ್ಲುವಂತಿಲ್ಲ. ಬ್ಲೀಚಿಂಗ್ ದ್ರಾವಣ ಹಾಕಿ ಕೊಲ್ಲಬೇಕು. ಅಕ್ಕೋರು ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದನ್ನು ಎತ್ತಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು.

"ಎಷ್ಟ ಗಟ್ಟಿ ಅದಾವ ನೋಡವಾ," ಎಂದರು.

ನೋಡಿದೆ. ಎಲ್ಲೆಡೆ ಕೋಶಗಳು ಎರಡಾಗುತ್ತಿದ್ದವು. ಫ್ರಿಜ್ಜಿನಲ್ಲಿ ಹೊಸ ಆಹಾರದ ದ್ರವ ಇನ್ನೂ ಅರ್ಧ ಬಾಟಲಿ ಉಳಿದಿತ್ತು. ಅದನ್ನು ಹೇಗೂ ಚೆಲ್ಲಲೇಬೇಕು. ನಾನು ಅದನ್ನು ಹೊರಗೆ ತೆಗೆದು, "ಇದೊಂದ ಸಲ ಮದ್ದ ಇಲ್ದ ಹಾಕೂಣ್ರೇನ್ರಿ ಅಕ್ಕೋರ?" ಎಂದು ಕೇಳಿದೆ. ಯಾಕೆ ಕೇಳಿದೆನೋ ತಿಳಿಯದು. ಅವರಿಗೆ ಸಮಾಧಾನವಾಗಲಿ ಎಂದಿರಬೇಕು.

"ಬ್ಯಾಡ," ಎಂದರು ಅವರು. ಸಿಟ್ಟಿನಿಂದಲ್ಲ. "ಅದು ಅವುಗಳ ಸಲುವಾಗಿ ಮಾಡಿದಂಗ ಆಗೂದಿಲ್ಲ. ಆವಾಗೂ ನೋಡಾಕ ಬರೂವರ ಸಲುವಾಗಿ ಮಾಡಿದ್ದು."

ಪಿಪೆಟ್ಟು ತೆಗೆದುಕೊಂಡು ಮೊದಲ ಬಾಟಲಿಗೆ ಬ್ಲೀಚಿಂಗ್ ದ್ರಾವಣ ಬಿಟ್ಟರು. ಗುಲಾಬಿ ಬಣ್ಣದ ದ್ರವ ಬಿಟ್ಟ ಜಾಗದಿಂದಲೇ ಬಿಳಚುತ್ತ ಹೋಯಿತು. ಎರಡನೆಯದಕ್ಕೆ ಬಿಟ್ಟರು. ನಾನು ಕೈಚಾಚಿದೆ, ಅವರು ಪಿಪೆಟ್ಟು ಕೊಡಲಿಲ್ಲ. ಸಾಲಿನ ಕೊನೆಯ ತನಕ ತಾವೇ ಮಾಡಿದರು. ಆಮೇಲೆ ಕೈ ಕಟ್ಟಿಕೊಂಡು ಮೇಜಿನ ಹತ್ತಿರ ನಿಂತರು.

ಹೊರಗೆ ಲಾರಿಯ ಸದ್ದಾಯಿತು. ಕಾಕಾ ಬಾಗಿಲಲ್ಲಿ ಬಂದು ನಿಂತರು. ಚಪ್ಪಲಿ ಹೊರಗೇ ಬಿಟ್ಟಿದ್ದರು.

"ಅಕ್ಕೋರ, ಮಂದಿ ಬಂದಾರ್ರಿ. ಒಳಗ ಕಳಸ್ಲೇನ್ರಿ?"

ಅಕ್ಕೋರು ಬಾಟಲಿಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಸ್ವಲ್ಪ ತಡೀರಿ ಕಾಕಾ," ಎಂದರು. "ಇನ್ನ ಪೂರ್ತಿ ಸತ್ತಿಲ್ಲ."

ಕಾಕಾ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕುಳಿತರು. ನಾವು ಮೂವರೂ ಕಾದೆವು.